ಮರಣೋತ್ತರ ಪದಕ ಇನ್ನು ಪೀಠದ ಮೇಲೆ

ಮಾನ್ಯ ಗ್ರಾಹಕರೇ,

ಹುತಾತ್ಮ ಯೋಧರಿಗೆ ಮರಣೋತ್ತರವಾಗಿ ಬಂದ ಪದಕಗಳನ್ನು ಮುಂದಿನ ತಿಂಗಳಿನಿಂದ ಅವರ ಕಿರುಪ್ರತಿಮೆಗಳ ಎದೆಗೆ ಜೋಡಿಸುವುದಿಲ್ಲ. ಪ್ರತಿಮೆ ನಿಲ್ಲುವ ಮರದ ಪೀಠದ ಮುಂಭಾಗದಲ್ಲಿ ಕೂರಿಸಿ ಕೊಡುತ್ತೇವೆ. 54 ಮಿ.ಮೀ. ಮತ್ತು 120 ಮಿ.ಮೀ. ಅಳತೆಗಳೆರಡಕ್ಕೂ ಇದು ಅನ್ವಯಿಸುತ್ತದೆ.

ಇದುವರೆಗೆ ಕೇಳಿದವರಿಗೆ ಎದೆಯ ಮೇಲೆಯೇ ಇಟ್ಟು ಕೊಡುತ್ತಿದ್ದೆವು. ಈಗೇಕೆ ಈ ಹಟ ಎಂದು ಕೆಲವರು ಫೋನಿನಲ್ಲಿ ಗದರಿದ್ದಾರೆ. ಹಟವೆಂದೇ ಇಟ್ಟುಕೊಳ್ಳಿ, ಕಾರಣವನ್ನೂ ಕೇಳಿ.

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋದವರು. ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಒಂದನ್ನು ಹೊಡೆದುರುಳಿಸಿದರು, ಹಿಂದಿರುಗಲಿಲ್ಲ. ಆ ಕಾಳಗದ ವಿವರ ಗಡಿಯಾಚೆಯಿಂದ ಹೊರಬರಲು ವರ್ಷಗಳೇ ಹಿಡಿದವು. ಮಹಾವೀರ ಚಕ್ರ ಘೋಷಣೆಯಾದದ್ದು 1988ರಲ್ಲಿ. ಹಾರಾಟದ ಉಡುಪು ತೊಟ್ಟು ಶಿರಸ್ತ್ರಾಣ ಹಿಡಿದು ನಿಂತ ದೇವಯ್ಯನವರ ಎದೆಗೆ ಆ ಪದಕ ಅಂಟಿಸಿದರೆ, ನಡುವಿನ 23 ವರ್ಷ ಯಾರಿಗೂ ಕಾಣದು.

ಬೆಂಗಳೂರಿನ ಕರ್ನಲ್ ವಸಂತ್ ವೇಣುಗೋಪಾಲ್ ಅವರದೂ ಇದೇ ಮಾತು. ಮರಾಠಾ ಲಘು ಪದಾತಿದಳದ 9ನೇ ಬೆಟಾಲಿಯನ್ನಿನ ಮುಂದಾಳಾಗಿ ಅವರು ಉರಿ ವಲಯದಲ್ಲಿ ಮಡಿದದ್ದು 2007ರ ಜುಲೈ 31ರಂದು. ಅಶೋಕ ಚಕ್ರವನ್ನು ಮರುವರ್ಷದ ಗಣರಾಜ್ಯೋತ್ಸವದಲ್ಲಿ ಸ್ವೀಕರಿಸಿದವರು ಅವರ ಪತ್ನಿ. ಅಲ್ಲದೆ, ಕಾಡಿನಲ್ಲಿ ಉಗ್ರರ ಬೆನ್ನಟ್ಟುವ ಅಧಿಕಾರಿ ಸಮರದ ಉಡುಪಿನ ಮೇಲೆ ಪದಕ ಧರಿಸುವುದೂ ಇಲ್ಲ.

ಕುಸುರಿಯ ಕಷ್ಟವೂ ಇದೆ. ಅಶೋಕ ಚಕ್ರದ ಕಡುಹಸಿರು ರಿಬ್ಬನ್ನಿನ ನಡುವೆ 2 ಮಿ.ಮೀ. ಅಗಲದ ಕೇಸರಿ ಗೆರೆಯಿದೆ. ನಮ್ಮ ದೊಡ್ಡ ಪ್ರತಿಮೆಯಲ್ಲೂ ಅದು ಮಿಲಿಮೀಟರಿನ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಅತಿ ಸಣ್ಣ ಕುಂಚವೂ ಅಲ್ಲಿ ಕೈಕೊಡುತ್ತದೆ. ಚಕ್ರದ ಸುತ್ತಲಿನ ಕಮಲದ ಮಾಲೆ ಬರಿಯ ಚುಕ್ಕೆಯಾಗುತ್ತದೆ. ಪೀಠದಲ್ಲಾದರೆ ಹಿಗ್ಗಿಸಿದ ಅಳತೆಯಲ್ಲಿ ಮಾಲೆಯ ದಳಗಳನ್ನೂ, ಮಹಾವೀರ ಚಕ್ರದ ಅರ್ಧ ಬಿಳಿ, ಅರ್ಧ ಕಿತ್ತಳೆ ರಿಬ್ಬನ್ನನ್ನೂ ಸ್ಪಷ್ಟವಾಗಿ ಬಿಡಿಸಬಹುದು. ಬಣ್ಣ ಹಚ್ಚುವ ನಮ್ಮವರಿಗೆ ಇದರಿಂದಾದ ಖುಷಿಯನ್ನು ಮುಚ್ಚಿಡುವುದಿಲ್ಲ.

ಯೋಧರು ಬದುಕಿದ್ದಾಗಲೇ ಪಡೆದ ಪದಕಗಳು, ಸಮಾರಂಭದ ಸಮವಸ್ತ್ರದ ಪ್ರತಿಮೆಗಳಲ್ಲಿ, ಹಿಂದಿನಂತೆ ಎದೆಯ ಮೇಲೆಯೇ ಇರುತ್ತವೆ.

ಪ್ರತಿಮೆಯ ಬೆಲೆ ಏರುವುದಿಲ್ಲ. ಪೀಠ ಎತ್ತರವಾಗುವುದರಿಂದ ಅಂಚೆ ವೆಚ್ಚ ಮಾತ್ರ ತುಸು ಹೆಚ್ಚಬಹುದು. ಈಗಾಗಲೇ ಕೊಂಡವರು ಬದಲಾಯಿಸಿಕೊಳ್ಳಬೇಕೆಂದೇನೂ ಇಲ್ಲ. ಬಯಸಿದರೆ ಪ್ರತಿಮೆ ಕಳುಹಿಸಿ, ಪದಕ ತೆಗೆದು ಆ ಜಾಗಕ್ಕೆ ಬಣ್ಣ ಹೊಂದಿಸಿ, ಹೊಸ ಪೀಠದೊಂದಿಗೆ ಉಚಿತವಾಗಿ ಮರಳಿಸುತ್ತೇವೆ. ಎಣ್ಣೆಬಣ್ಣ ಒಣಗಲು ಸಮಯ ಬೇಕು, ಮಳೆಗಾಲದಲ್ಲಿ ಇನ್ನಷ್ಟು ಬೇಕು, ದಯವಿಟ್ಟು ಅವಸರಪಡಿಸಬೇಡಿ. ಬೇಡಿಕೆ ಸಲ್ಲಿಸಿ ಕಾಯುತ್ತಿರುವವರಿಗೆ ಈ ಬದಲಾವಣೆ ಒಪ್ಪಿಗೆಯಾಗದಿದ್ದರೆ ತಿಂಗಳ ಕೊನೆಯೊಳಗೆ ತಿಳಿಸಿ. ಮುಂಗಡ ಹಣ ಪೂರ್ತಿ ವಾಪಸು ಬರುತ್ತದೆ.

ಇಂತಿ,
ಕಾರ್ಯಾಗಾರದ ಪರವಾಗಿ