ಸುತ್ತಿ ಬಿದ್ದವನ ಲೆಕ್ಕ: ಗೆಳೆಯನಿಗೊಂದು ಪತ್ರ

ಮಡಿಕೇರಿ

ಗೆಳೆಯಾ,

"ಐಸ್ ಮೇಲಿನ ಫಿಗರ್ ಸ್ಕೇಟಿಂಗ್‌ನಲ್ಲಿ ಗಾಳಿಯಲ್ಲಿ ನಾಲ್ಕು ಸುತ್ತು ಸುತ್ತುವವನೇ ಗೆಲ್ಲಬೇಕು, ಉಳಿದದ್ದೆಲ್ಲ ಬರೀ ಕುಣಿತ" ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀಯಲ್ಲ ಮಾರಾಯ. ಫೋನಿನಲ್ಲಿ ಉತ್ತರ ಕೊಟ್ಟರೆ ಜಗಳವಾಗುತ್ತದೆ. ಮೆಣಸು ಕುಯ್ಲಿಗೆ ಇವತ್ತು ಆಳುಗಳೂ ಬರಲಿಲ್ಲ, ಅದಕ್ಕೇ ಬರೆಯುತ್ತಾ ಕೂತಿದ್ದೇನೆ.

ನೀನು ಯಾವಾಗಲೂ 2010ರ ವ್ಯಾಂಕೂವರ್ ಒಲಿಂಪಿಕ್ಸ್ ಎತ್ತುತ್ತೀಯ. ರಷ್ಯಾದ ಪ್ಲುಶೆಂಕೊ ಕ್ವಾಡ್ (ಅದೇ ನಾಲ್ಕು ಸುತ್ತಿನ ಜಿಗಿತ) ಹಾರಿದ, ಅಮೆರಿಕದ ಇವಾನ್ ಲೈಸಾಚೆಕ್ ಒಂದನ್ನೂ ಹಾರಲಿಲ್ಲ, ಆದರೂ ಚಿನ್ನ ಲೈಸಾಚೆಕ್‌ಗೆ ಹೋಯಿತು, ಅದೂ 1.31 ಅಂಕದಲ್ಲಿ. "ಕುಣಿತ ಗೆದ್ದಿತು" ಅನ್ನುತ್ತೀಯ. ಅಂಕಪಟ್ಟಿ ತೆಗೆದು ನೋಡು. ಫ್ರೀ ಸ್ಕೇಟಿಂಗ್‌ನಲ್ಲಿ, ಅಂದರೆ ಸ್ಪರ್ಧೆಯ ಎರಡನೆಯ, ಉದ್ದದ ಪ್ರದರ್ಶನದಲ್ಲಿ, ಕಲೆಯ ಲೆಕ್ಕಕ್ಕೆ ಇಬ್ಬರಿಗೂ ಸಿಕ್ಕಿದ್ದು ಸರಿಸಮ 82.80. ಲೈಸಾಚೆಕ್ ಮುಂದೆ ಹೋದದ್ದು ತಾಂತ್ರಿಕ ಅಂಕದಲ್ಲೇ: ಅವನದು 84.57, ಪ್ಲುಶೆಂಕೊನದು 82.71. ಲೈಸಾಚೆಕ್ ಹೆಚ್ಚು ಜಿಗಿತಗಳನ್ನು ಪ್ರದರ್ಶನದ ಎರಡನೇ ಅರ್ಧಕ್ಕೆ ಇಟ್ಟುಕೊಂಡಿದ್ದ. ಆಗಿನ ನಿಯಮದಲ್ಲಿ ಹಾಗೆ ದಣಿದ ಕಾಲಿನಲ್ಲಿ ಹಾರಿದ್ದಕ್ಕೆ ಶೇ. 10 ಹೆಚ್ಚು ಬೆಲೆ ಇತ್ತು. ಪ್ಲುಶೆಂಕೊ ಗಾಳಿಯಲ್ಲಿ ಓರೆಯಾಗಿ, ಇಳಿಯುವಾಗ ಹೇಗೋ ಸಾವರಿಸಿಕೊಂಡದ್ದನ್ನು ನಿಧಾನಗತಿಯಲ್ಲಿ ಹಾಕಿ ನೋಡಿದರೆ ನಿನಗೂ ಕಾಣುತ್ತದೆ. ಅವತ್ತು ಗೆದ್ದದ್ದು ಕುಣಿತವಲ್ಲ, ಅಚ್ಚುಕಟ್ಟು.

ಆ ಅಂಕಗಳನ್ನು ಇನ್ನೊಮ್ಮೆ ನೋಡು. ತಾಂತ್ರಿಕ ಅಂಕವೂ ಕಲೆಯ ಅಂಕವೂ ಹೆಚ್ಚುಕಡಿಮೆ ಒಂದೇ. ಈಗ 2024ರ ವಿಶ್ವ ಚಾಂಪಿಯನ್‌ಷಿಪ್‌ಗೆ ಬಾ. ಅಮೆರಿಕದ ಇಲಿಯಾ ಮಾಲಿನಿನ್‌ಗೆ ಫ್ರೀ ಸ್ಕೇಟಿಂಗ್‌ನಲ್ಲಿ 227.79 ಬಂತು, ಅದರಲ್ಲಿ 137ಕ್ಕೂ ಹೆಚ್ಚು ತಾಂತ್ರಿಕ ಅಂಕ. ಹುಡುಗ ಅಸಾಧ್ಯನೇ, ನಾಲ್ಕೂವರೆ ಸುತ್ತಿನ ಕ್ವಾಡ್ ಆಕ್ಸೆಲ್ಲನ್ನು ಸ್ಪರ್ಧೆಯಲ್ಲಿ ಮೊದಲು ಹಾರಿ ನಿಂತವನು ಅವನು, 2022ರಲ್ಲಿ. ನನ್ನ ತಕರಾರು ಅವನ ಮೇಲಲ್ಲ, ತಕ್ಕಡಿಯ ಮೇಲೆ. ಕಲೆಯ ಲೆಕ್ಕಕ್ಕೆ ಬರುವ ಸಂಯೋಜನೆ, ಪ್ರಸ್ತುತಿ, ಸ್ಕೇಟಿಂಗ್ ಕೌಶಲ ಮೂರೂ ಸೇರಿ ಫ್ರೀ ಸ್ಕೇಟಿಂಗ್‌ನಲ್ಲಿ 100 ದಾಟುವ ಹಾಗಿಲ್ಲ. ಜಿಗಿತದ ಅಂಕಕ್ಕೆ ಅಂಥ ಮುಚ್ಚಳವಿಲ್ಲ, ಸುತ್ತು ಹೆಚ್ಚಿದಷ್ಟೂ ಏರುತ್ತದೆ. ಹೀಗಿರುವಾಗ ಜಿಗಿತವೇ ತೀರ್ಮಾನಿಸಬೇಕೋ ಬೇಡವೋ ಅನ್ನುವ ಪ್ರಶ್ನೆಯೇ ತಡವಾಯಿತು. ನಿಯಮದ ಪುಸ್ತಕದಲ್ಲೇ ತೀರ್ಮಾನವಾಗಿಬಿಟ್ಟಿದೆ.

"ಬಿದ್ದರೆ ಅಂಕ ಹೋಗುತ್ತದಲ್ಲ, ಮಿಲಾನ್‌ನಲ್ಲಿ ನೋಡಲಿಲ್ಲವಾ" ಅಂದಿದ್ದೀಯ. 2026ರ ಆ ಒಲಿಂಪಿಕ್ಸ್ ನಾನೂ ನೋಡಿದೆ. ಮೊದಲ ದಿನ ಮುಂದಿದ್ದ ಮಾಲಿನಿನ್ ಎಂಟನೇ ಸ್ಥಾನಕ್ಕೆ ಇಳಿದ, ಚಿನ್ನ ಕಜಕಸ್ತಾನದ ಶೈದೊರೊವ್‌ಗೆ ಹೋಯಿತು. ಆದರೆ ಅಂಕ ಎಲ್ಲಿ ಸೋರಿತು ಅಂತ ಹುಡುಕು. ಬಿದ್ದದ್ದಕ್ಕಿಂತ ಹೆಚ್ಚಾಗಿ, ಸುತ್ತು ಪೂರ್ತಿಯಾಗುವ ಮೊದಲೇ ಗಾಳಿಯಲ್ಲಿ ಜಿಗಿತ ಬಿಚ್ಚಿಕೊಂಡದ್ದರಲ್ಲಿ. ಕ್ವಾಡ್ ಆಕ್ಸೆಲ್‌ನ ಮೂಲಬೆಲೆ, ಅಂದರೆ ಆ ಜಿಗಿತಕ್ಕೆ ಮೊದಲೇ ಗೊತ್ತುಮಾಡಿದ ಅಂಕ, 12.5. ಪೂರ್ತಿ ಸುತ್ತಿ ಧೊಪ್ಪನೆ ಬಿದ್ದರೆ ಅರ್ಧ ಕಳೆದು, ಬಿದ್ದದ್ದಕ್ಕೆ ಇನ್ನೊಂದು ಅಂಕ ಕಳೆದು 5.25 ಉಳಿಯುತ್ತದೆ. ಆಗುವುದಿಲ್ಲ ಅನ್ನಿಸಿ ಒಂದೂವರೆ ಸುತ್ತಿಗೇ ಬಿಟ್ಟು ಸರಿಯಾಗಿ ನಿಂತರೆ ಸಿಂಗಲ್ ಆಕ್ಸೆಲ್‌ನ ಬೆಲೆ, 1.1! ಲುಟ್ಜ್, ಸಾಲ್ಕೊವ್ ಜಿಗಿತದ ಬೇರೆ ಬಗೆಗಳು: ಕ್ವಾಡ್ ಲುಟ್ಜ್ ಹಾರಿ ಬಿದ್ದವನಿಗೆ 4.75, ಮೂರು ಸುತ್ತಿನ ಟ್ರಿಪಲ್ ಸಾಲ್ಕೊವ್ ಹಾರಿ ತಪ್ಪಿಲ್ಲದೆ ನಿಂತವನಿಗೆ ಮೂಲಬೆಲೆ 4.3. ಚೆನ್ನಾಗಿ ನಿಂತರೆ ಮೇಲೆ ಒಂದಿಷ್ಟು ಸೇರುತ್ತದೆ, ಒಪ್ಪಿದೆ. ಆದರೂ ಬೆನ್ನಿಗೆ ಐಸ್ ಮೆತ್ತಿಕೊಂಡು ಏಳುವವನೂ ನೇರ ನಿಂತವನೂ ಒಂದೇ ಸಾಲಿನಲ್ಲಿ ಕೂರುವುದು ಯಾವ ನ್ಯಾಯ? 2013ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪ್ಯಾಟ್ರಿಕ್ ಚಾನ್ ಫ್ರೀ ಸ್ಕೇಟಿಂಗ್‌ನಲ್ಲಿ ಎರಡು ಸಲ ಬಿದ್ದೂ ಚಿನ್ನ ಗೆದ್ದ, ಆ ದಿನ ಅವನಿಗಿಂತ ಚೆನ್ನಾಗಿ ಆಡಿದ ಡೆನಿಸ್ ಟೆನ್ ಬೆಳ್ಳಿಗೆ ನಿಂತ. ಇವತ್ತಿಗೂ ನನಗದು ಜೀರ್ಣವಾಗಿಲ್ಲ.

ನಿನ್ನ ಗಟ್ಟಿ ವಾದ ಒಂದೇ: ಸುತ್ತನ್ನು ಎಣಿಸಬಹುದು, ಕಲೆಯನ್ನು ಎಣಿಸಲಾಗದು, ತೀರ್ಪುಗಾರರ ಕೈಯಲ್ಲಿ ಬಿಟ್ಟರೆ ಕೆಟ್ಟಿತು. ನಮ್ಮೂರ ದಸರಾದಲ್ಲಿ ಪುರಾಣದ ಕಥೆ ತೋರಿಸುವ ದಶಮಂಟಪಗಳ ಸ್ಪರ್ಧೆ ನೆನಪಿದೆಯಾ? ಲೈಟು, ಹೊಗೆ, ಸೌಂಡಿಗೆ ಲಕ್ಷಗಟ್ಟಲೆ ಸುರಿದ ಮಂಟಪದ ಮುಂದೆ ನಿಂತು "ಅಲ್ಲ, ರಾಕ್ಷಸ ಸತ್ತದ್ದು ಯಾವಾಗ, ಕಾಣಲೇ ಇಲ್ಲವಲ್ಲ" ಅಂದವನು ನೀನು. ಬಹುಮಾನ ಘೋಷಣೆಯಾದ ಮೇಲೆ ಗೊಣಗಾಟ ಇದ್ದದ್ದೇ. ಹಾಗಂತ ಬಲ್ಬು ಎಣಿಸಿ ಬಹುಮಾನ ಕೊಡಿ ಅಂತ ಯಾರೂ ಕೇಳಲಿಲ್ಲ.

ಮತ್ತೆ, ಸ್ಕೇಟಿಂಗ್ ಕೌಶಲ ಅನ್ನುವುದು ಬರೀ ರುಚಿಯ ಮಾತಲ್ಲ. ಸ್ಕೇಟಿನ ಅಲಗಿನ ಅಡಿಯಲ್ಲಿ ಉದ್ದಕ್ಕೆ ಸಣ್ಣ ತೋಡು ಇದೆ, ಅದರ ಎರಡು ಬದಿಗೆ ಎರಡು ಅಂಚು. ಒಳ್ಳೆಯವನು ಒಂದೇ ಅಂಚಿನ ಮೇಲೆ ಇಡೀ ಮೈ ವಾಲಿಸಿ, ಮತ್ತೆ ತಳ್ಳದೆ, ವೇಗ ಕಳೆದುಕೊಳ್ಳದೆ ದೊಡ್ಡ ತಿರುವು ಮುಗಿಸುತ್ತಾನೆ. ಅಷ್ಟಿಲ್ಲದವನು ಜಿಗಿತಕ್ಕೆ ಮೊದಲು ನಾಲ್ಕಾರು ಸಲ ಕಾಲು ಬಡಿದು ಓಡುತ್ತಾನೆ. ಇಬ್ಬರಿಗೂ ಇರುವ ವ್ಯತ್ಯಾಸ ಮೊಬೈಲಿನ ಪರದೆಯಲ್ಲೂ ಕಾಣುತ್ತದೆ. (ಹಾಗಂದರೂ, ನಮ್ಮ ತೋಟದ ನೆಟ್‌ವರ್ಕ್‌ನಲ್ಲಿ ಎಲ್ಲರೂ ಗಾಳಿಯಲ್ಲೇ ನಿಂತುಬಿಡುತ್ತಾರೆ.)

ಕ್ವಾಡ್ ಬೇಡ ಅಂತ ನಾನು ಹೇಳುತ್ತಿಲ್ಲ. ಬಿದ್ದ ಜಿಗಿತಕ್ಕೆ ಮೂಲಬೆಲೆಯ ಅರ್ಧದ ಬದಲು ಕಾಲುಭಾಗ ಮಾತ್ರ ಉಳಿಯಲಿ, ಜಿಗಿತದ ಬೆಲೆ ಏರಿದ ಹಾಗೆ ಆ 100ರ ಮುಚ್ಚಳವೂ ಏರಲಿ. ಆಮೇಲೂ ಮಾಲಿನಿನ್ನೇ ಗೆದ್ದರೆ ನನ್ನದೂ ಚಪ್ಪಾಳೆ.

ನಿನಗೊಂದು ಕೆಲಸ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜೇಸನ್ ಬ್ರೌನ್ ಒಂದೂ ಕ್ವಾಡ್ ಇಲ್ಲದೆ ಆರನೇ ಸ್ಥಾನಕ್ಕೆ ಬಂದ. ಆ ಫ್ರೀ ಸ್ಕೇಟಿಂಗ್ ವಿಡಿಯೊ ಹುಡುಕಿ, ಜಿಗಿತಗಳ ಮಧ್ಯೆ ಅವನ ಕಾಲು ಏನು ಮಾಡುತ್ತದೆ ಅಂತ ಅಷ್ಟನ್ನೇ ನೋಡು. ಆಮೇಲೆ ಬೈಯುವುದಿದ್ದರೆ ಬೈ, ಆದರೆ ಅಂಕಿ ಸಮೇತ ಬೈ. ಮನೆಯಲ್ಲಿ ಎಲ್ಲರನ್ನೂ ಕೇಳಿದೆ ಅಂತ ಹೇಳು.

ಇಂತಿ,
ನಿನ್ನ ಗೆಳೆಯ