ಮಾರುತಿ 800 ಬಿಡಿಭಾಗ: ಮುಂದಿನ ತಿಂಗಳಿಂದ ಒಂದೇ ಕಿಟ್ ಇಲ್ಲ, ನಾಲ್ಕು ಗುಂಪು

ಮಾನ್ಯ ಗ್ರಾಹಕರಿಗೆ ಹಾಗೂ ಮೆಕ್ಯಾನಿಕ್ ಮಿತ್ರರಿಗೆ ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಖಿನಿಂದ ‘800 ಸರ್ವಿಸ್ ಕಿಟ್’ ಮಾರುವುದನ್ನು ನಿಲ್ಲಿಸುತ್ತಿದ್ದೇವೆ. ಅದರ ಬದಲು ಎಂಜಿನ್ ನೋಡಿ ಭಾಗಗಳನ್ನು ನಾಲ್ಕು ಗುಂಪು ಮಾಡಿದ್ದೇವೆ. ಆರ್ಡರ್ ಹೇಳುವಾಗ ‘ಮಾರುತಿ 800, ಇಂಥ ವರ್ಷದ್ದು’ ಎಂದರೆ ಇನ್ನು ಸಾಲದು. ಆರ್‌ಸಿಯಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್ ಮತ್ತು ಬಾನೆಟ್ ಎತ್ತಿ ತೆಗೆದ ಒಂದು ಫೋಟೊ ವಾಟ್ಸ್‌ಆಪ್‌ನಲ್ಲಿ ಬರಬೇಕು.

ಕಾರಣ ಇಷ್ಟೇ: ಒಂದೇ ಹೆಸರಿನಲ್ಲಿ ಮೂವತ್ತು ವರ್ಷ ಬಂದ ಈ ಗಾಡಿ ಒಳಗೊಳಗೇ ಹಲವು ಸಲ ಬದಲಾಗಿದೆ. 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಕಂಪನಿ ಪ್ಯಾಕಿನ ಭಾಗಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಬೇರೆ ತಯಾರಕರ ಡಬ್ಬಿಗಳ ಮೇಲೆ ಬರೀ ‘ಮಾರುತಿ 800’ ಎಂದಿರುತ್ತದೆ, ಯಾವ 800 ಎಂದಿರುವುದಿಲ್ಲ.

ಮೊದಲ ಗುಂಪು 1983ರ ಡಿಸೆಂಬರ್‌ನಿಂದ 1986ರವರೆಗಿನ ಎಸ್‌ಎಸ್80. ಇವು ಈಗ ಬೆರಳೆಣಿಕೆಯಷ್ಟು. ಗಾಜು, ದೀಪ, ಬಾಡಿ ಭಾಗ ಮುಂದಿನ ಗಾಡಿಗಳಿಗೆ ಕೂರುವುದಿಲ್ಲ, ಆದ್ದರಿಂದ ಹಳೆಯ ಭಾಗ ನೋಡಿಯೇ ಹುಡುಕಿಕೊಡುತ್ತೇವೆ. ಎರಡನೆಯದು 1986ರಲ್ಲಿ ಬಂದ ಹೊಸ ಬಾಡಿಯ, ಕಾರ್ಬೊರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸುವ ಭಾಗ) ಇರುವ ಗಾಡಿ. 1997ರಲ್ಲಿ ಮುಂಭಾಗ ದುಂಡಗಾಯಿತು, ಹೆಡ್‌ಲೈಟ್, ಬಂಪರ್, ಬಾನೆಟ್ ಬೇರೆಯಾದವು. ಆದರೆ ಎಂಜಿನ್ ಅದೇ 796 ಸಿಸಿ, ಮೂರು ಸಿಲಿಂಡರ್, ಆರು ವಾಲ್ವ್, ನಾಲ್ಕು ಗೇರ್. ಹಾಗಾಗಿ ಬಾಡಿ ಭಾಗಕ್ಕೆ ಮುಖ ನೋಡಬೇಕು, ಎಂಜಿನ್ ಭಾಗಕ್ಕೆ ಮುಖ ನೋಡಿ ಪ್ರಯೋಜನವಿಲ್ಲ.

ತೊಡಕು ಇರುವುದು 2000ದ ಆಸುಪಾಸಿನಲ್ಲಿ. ಹೊಗೆ ನಿಯಮ ಬಿಗಿಯಾಗಿ, ಕಾರ್ಬೊರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಬಂತು. ಜೊತೆಗೆ ಐದು ಗೇರ್, ಹನ್ನೆರಡು ವಾಲ್ವ್‌ನ ಇಎಕ್ಸ್ ಮಾದರಿ ಕೂಡ ಬಂತು. ಈ ಇಎಕ್ಸ್ ನಮ್ಮ ಮೂರನೇ ಗುಂಪು. ಇದರ ಎಂಜಿನ್ ಅದೇ 796 ಸಿಸಿ ಆದರೂ ಹೆಡ್ ಗ್ಯಾಸ್ಕೆಟ್, ವಾಲ್ವ್ ಮುಂತಾದವು ಆರು ವಾಲ್ವ್‌ನದಕ್ಕೆ ಹೊಂದುವುದಿಲ್ಲ, ಹಳೆಯ ಆಲ್ಟೊ 796 ಸಿಸಿಯ ಬಳಗಕ್ಕೆ ಸೇರಿದವು. ನಾಲ್ಕನೆಯದು ಆರು ವಾಲ್ವ್‌ನ ಎಂಪಿಎಫ್‌ಐ, ನಾಲ್ಕು ಗೇರ್. ಕೊನೆಯವರೆಗೆ ಉಳಿದದ್ದು ಇದೇ. 2010ರ ಏಪ್ರಿಲ್‌ನಲ್ಲಿ ಬಿಎಸ್-4 ಹೊಗೆ ನಿಯಮ ಬಂದ ನಗರಗಳಲ್ಲಿ 800ರ ಮಾರಾಟ ನಿಂತಿತು, ಅದರಲ್ಲಿ ಬೆಂಗಳೂರೂ ಒಂದು. ಹೀಗಾಗಿ ನಮ್ಮ ರಾಜ್ಯದಲ್ಲಿ ತೀರ ಹೊಸ 800ಗಳು ಜಿಲ್ಲೆಗಳ ಕಡೆಯೇ ಹೆಚ್ಚು.

ಆರ್‌ಸಿಯಲ್ಲಿರುವ ವರ್ಷವನ್ನು ಪೂರ್ತಿ ನಂಬಬೇಡಿ. ಎಂಜಿನ್ ಬದಲಾದ ಗಾಡಿಗಳು ಬೇಕಾದಷ್ಟಿವೆ, ಓಮ್ನಿ ಎಂಜಿನ್ನಿನ ಭಾಗ ಸೇರಿಸಿ ಕಟ್ಟಿದವೂ ಇವೆ. ಗೇರ್ ನಾಬ್ ನೋಡಿ ಹೇಳುವುದೂ ಬೇಡ, ಐದು ಗೇರ್ ಬರೆದ ನಾಬ್ ಅಂಗಡಿಯಲ್ಲಿ ಸಿಗುತ್ತದೆ. ಸುಲಭದ ಪರೀಕ್ಷೆ ಹೇಳುತ್ತೇವೆ. ಕೀ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ. ಹಿಂದಿನಿಂದ ಒಂದೆರಡು ಸೆಕೆಂಡ್ ‘ಗುಂಯ್’ ಎಂದರೆ ಟ್ಯಾಂಕಿನೊಳಗೆ ವಿದ್ಯುತ್ ಪಂಪ್ ಇದೆ, ಅಂದರೆ ಎಂಪಿಎಫ್‌ಐ. ಸದ್ದಿಲ್ಲದಿದ್ದರೆ ಪಂಪ್ ಕೆಟ್ಟಿರಲೂಬಹುದು, ಆಗ ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ಕೆಳಗೆ ಕಾರ್ಬೊರೇಟರ್ ಇದೆಯೇ ನೋಡಿ.

ಇಷ್ಟು ಪಟ್ಟು ಹಿಡಿಯಲು ಮುಖ್ಯ ಕಾರಣ ಪೆಟ್ರೋಲ್ ಪೈಪ್. ಕಾರ್ಬೊರೇಟರ್ ಗಾಡಿಯಲ್ಲಿ ಕ್ಯಾಮ್‌ಶಾಫ್ಟ್ ಒತ್ತಿ ನಡೆಸುವ ಡಯಾಫ್ರಾಮ್ ಪಂಪ್ ಇದೆ, ಅದರ ಒತ್ತಡ ತೀರ ಕಡಿಮೆ. ಎಂಪಿಎಫ್‌ಐ ಲೈನಿನಲ್ಲಿ ಅದರ ಹಲವು ಪಟ್ಟು ಒತ್ತಡ. ಕಾರ್ಬೊರೇಟರ್ ಪೈಪನ್ನು ಸ್ಪ್ರಿಂಗ್ ಕ್ಲಿಪ್ ಹಾಕಿ ಎಂಪಿಎಫ್‌ಐಗೆ ತೊಡಿಸಿದರೆ ಕೆಲವು ದಿನ ನಡೆಯುತ್ತದೆ. ಆಮೇಲೆ ಬಾಯಿ ಬಿಟ್ಟು ಪೆಟ್ರೋಲ್ ಬಿಸಿ ಎಂಜಿನ್ ಮೇಲೆ ಚಿಮ್ಮುತ್ತದೆ, ಬೆಂಕಿಗೆ ಅಷ್ಟು ಸಾಕು. ಮೂರು, ನಾಲ್ಕನೇ ಗುಂಪಿಗೆ ಇನ್ನು ಎಸ್‌ಎಇ ಜೆ30 ಆರ್9 ದರ್ಜೆಯ (ಇಂಜೆಕ್ಷನ್ ಒತ್ತಡ ತಡೆಯುವ) ಪೈಪ್ ಮತ್ತು ಅಂಚು ಮಡಿಸಿದ ಸ್ಕ್ರೂ ಕ್ಲಾಂಪ್ ಬಿಟ್ಟರೆ ಬೇರೆ ಕೊಡುವುದಿಲ್ಲ. ಹಾಕುವಾಗ ಮೊದಲು ಪಂಪಿನ ಫ್ಯೂಸ್ ಕಿತ್ತು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಇನ್ನೆರಡು ಸಲ ಸೆಲ್ಫ್ ಹೊಡೆಯಿರಿ. ಬ್ಯಾಟರಿಯ ನೆಗೆಟಿವ್ ತೆಗೆದ ಮೇಲೆಯೇ ಪೈಪಿಗೆ ಕೈ ಹಾಕಿ.

ಎರಡನೇ ಗುಂಪಿನವರಿಗೆ ಬೇರೆ ತಲೆನೋವು: ಇ20 ಪೆಟ್ರೋಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇದು ಈಗ ಬಹುತೇಕ ಎಲ್ಲ ಬಂಕ್‌ಗಳಲ್ಲೂ ಅದೇ ಆಗಿದೆ. ಶೇ 20ರ ಎಥನಾಲ್‌ಗೆ ಹಳೆಯ ರಬ್ಬರ್ ಊದಿಕೊಳ್ಳುತ್ತದೆ, ಆಮೇಲೆ ಸೀಳುತ್ತದೆ. ಪಂಪಿನ ಡಯಾಫ್ರಾಮ್ ಸೀಳಿದರೆ ಪೆಟ್ರೋಲ್ ನೇರ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ಕಡ್ಡಿ ಎಳೆದು ನೋಡಿ. ಮಟ್ಟ ಹಾಕಿದ್ದಕ್ಕಿಂತ ಮೇಲಿದ್ದು ಪೆಟ್ರೋಲ್ ವಾಸನೆ ಬಂದರೆ ಗಾಡಿ ಓಡಿಸಬೇಡಿ. ತೆಳುವಾದ ಆಯಿಲ್‌ನಲ್ಲಿ ಬೇರಿಂಗ್ ಹೋಗುತ್ತದೆ. ಪಂಪ್ ಬದಲಿಸಿ, ಆಯಿಲ್ ಮತ್ತು ಆಯಿಲ್ ಫಿಲ್ಟರ್ ಎರಡನ್ನೂ ಬದಲಿಸಿ.

ಈ ಗುಂಪಿನ ಪೊಟ್ಟಣದಲ್ಲಿ ಎಥನಾಲ್ ತಡೆಯುವ ರಬ್ಬರ್‌ನ ಪೈಪ್, ಕಾರ್ಬೊರೇಟರ್ ಡಯಾಫ್ರಾಮ್, ನೀಡಲ್ ವಾಲ್ವ್, ಗ್ಯಾಸ್ಕೆಟ್ ಮತ್ತು ಎರಡು ಪೆಟ್ರೋಲ್ ಫಿಲ್ಟರ್ ಇರುತ್ತವೆ. ಬೆಲೆ ಹಳೆಯ ಕಿಟ್‌ಗಿಂತ 180 ರೂಪಾಯಿ ಹೆಚ್ಚು, ರಬ್ಬರ್‌ನದೇ ಖರ್ಚು. ಎರಡು ಫಿಲ್ಟರ್ ಯಾಕೆಂದರೆ ಎಥನಾಲ್ ಟ್ಯಾಂಕಿನ ಹಳೆಯ ಕೊಳೆಯನ್ನು ಬಿಡಿಸಿ ತರುತ್ತದೆ. ಮೊದಲನೆಯದು 500 ಕಿಲೋಮೀಟರ್‌ನೊಳಗೆ ಕಟ್ಟಿಕೊಳ್ಳುವ ಸಂಭವವಿದೆ, ಆಗ ಎರಡನೆಯದು ಹಾಕಿ. ತಣ್ಣಗಿರುವಾಗ ಸ್ಟಾರ್ಟ್ ಆಗದೆ, ಆಕ್ಸಿಲರೇಟರ್ ಒತ್ತಿದೊಡನೆ ಮುಗ್ಗರಿಸಿದರೆ ಮಿಶ್ರಣ ತೆಳುವಾಗಿದೆ ಎಂದು ತಿಳಿಯಿರಿ. ಕಾರ್ಬೊರೇಟರ್‌ನ ಜೆಟ್‌ಗೆ (ಪೆಟ್ರೋಲ್ ಬಿಡುವ ಸಣ್ಣ ತೂತು) ಕೈ ಹಾಕುವ ಮೊದಲು ಪಾಯಿಂಟ್ ಗ್ಯಾಪ್ ಮತ್ತು ಪ್ಲಗ್ ನೋಡಿ, ಬಹಳ ಸಲ ದೋಷ ಅಲ್ಲಿರುತ್ತದೆ. ವಾರಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಟ್ಯಾಂಕ್ ತುಂಬಿಸಿಡಿ. ಖಾಲಿ ಟ್ಯಾಂಕ್ ತೇವ ಹೀರಿ ಒಳಗೆ ತುಕ್ಕು ಹಿಡಿಯುತ್ತದೆ.

ಪಾರ್ಸೆಲ್ ಎಂದಿನಂತೆ ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೋ’ ಮೂಲಕ ಬಸ್ ನಿಲ್ದಾಣಕ್ಕೆ ಬರುತ್ತದೆ. ನೀವು ಕಳಿಸಿದ ನಂಬರ್, ಫೋಟೊ ನೋಡಿ ಕೊಟ್ಟ ಭಾಗ ಕೂರದಿದ್ದರೆ ಹೋಗಿ ಬರುವ ಸಾಗಣೆ ವೆಚ್ಚ ನಮ್ಮದು. ಒಮ್ಮೆ ತೊಡಿಸಿದ ರಬ್ಬರ್ ಭಾಗ ಮಾತ್ರ ವಾಪಸ್ ಇಲ್ಲ. ಹಳೆಯ ಕಿಟ್ ಪೊಟ್ಟಣ ಒಡೆಯದೆ ಇಟ್ಟುಕೊಂಡವರು ಈ ತಿಂಗಳ ಕೊನೆಯೊಳಗೆ ತಂದರೆ ಬಿಲ್ ಇಲ್ಲದಿದ್ದರೂ ತಮ್ಮ ಗಾಡಿಯ ಗುಂಪಿನದಕ್ಕೆ ಬದಲಾಯಿಸಿಕೊಡುತ್ತೇವೆ.

ಇಂತಿ,
ಬಿಡಿಭಾಗ ವಿಭಾಗದವರು