ಅಜ್ಜ ಅಜ್ಜಿಯ ಹತ್ತಿರ ಮಕ್ಕಳು ಕೇಳಲಿ ಬಿಡಿ

ಪೋಷಕರೆಲ್ಲರಿಗೂ ನಮಸ್ಕಾರ.

ಹೋದ ವಾರ ಒಂಬತ್ತನೇ ತರಗತಿಗೆ ಒಂದು ಹೋಂವರ್ಕ್ ಕೊಟ್ಟಿದ್ದೆವು. ಮನೆಯ ಹಿರಿಯರ ಕಾಲದಲ್ಲಿ ಯಾವ್ಯಾವ ಕಾಯಿಲೆ ಬಂದಿತ್ತು, ಏನು ಔಷಧ ಮಾಡಿದರು ಅಂತ ಕೇಳಿ ಬರೆದುಕೊಂಡು ಬರಬೇಕು. ಇಬ್ಬರು ಮೂವರು ಫೋನ್ ಮಾಡಿ, "ಸಾವು ನೋವಿನ ಸುದ್ದಿ ಮಕ್ಕಳಿಗೆ ಯಾಕೆ ಮೇಡಂ, ಪುಸ್ತಕ ಓದಿದ್ರೆ ಸಾಕಲ್ವಾ" ಅಂದರು. ಅದಕ್ಕೇ ಈ ಪತ್ರ.

ಪುಸ್ತಕದ್ದು ಮಕ್ಕಳಿಗೆ ಬಾಯಿಪಾಠ ಆಗಿದೆ. 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಹಾಲು ಕರೆಯುವವಳ ಕೈಮೇಲಿನ ಗೋಸಿಡುಬಿನ ಗುಳ್ಳೆಯಿಂದ ಕೀವು ತೆಗೆದು, ಸಿಡುಬು ತಡೆಯಲು ಎಂಟು ವರ್ಷದ ಹುಡುಗನಿಗೆ ಹಾಕಿದ್ದು, 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿ ಕಂಡಿದ್ದು, ಅದೇ ವರ್ಷ ಮುಂಬೈಯಲ್ಲಿ ಹಾಫ್‌ಕಿನ್ ಪ್ಲೇಗ್ ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಂಡಿದ್ದು. ಇಸವಿ ಕೇಳಿದರೆ ಥಟ್ ಅಂತ ಹೇಳುತ್ತಾರೆ. ಆದರೆ ಅದೆಲ್ಲ ಎಲ್ಲೋ ದೂರದಲ್ಲಿ ನಡೆದದ್ದು ಅಂದುಕೊಂಡಿದ್ದಾರೆ.

ಮೊನ್ನೆ ಒಬ್ಬ ಹುಡುಗಿ ಅಜ್ಜಿಯನ್ನೇ ಶಾಲೆಗೆ ಕರೆದುಕೊಂಡು ಬಂದಳು. ಅಜ್ಜಿ ಸೆರಗು ಸರಿಸಿ ಕೈ ಚಾಚಿದರು. ಮೊಣಕೈ ಕೆಳಗೆ ಎರಡು ದುಂಡು ಕಲೆ, ನಾಲ್ಕಾಣೆಯಷ್ಟು ಅಗಲ. ಸಿಡುಬಿಗೆ ದಾಕು ಹಾಕಿದ ಗುರುತು. ದಾಕು ಹಾಕುವವರು ಬಂದ ದಿನ ಅವರ ಅಕ್ಕ ಹೆದರಿ ಅಟ್ಟ ಹತ್ತಿ ಕೂತಿದ್ದಳಂತೆ. ಮುಂದೆ ಅಮ್ಮ ಬಂದಿದ್ದು, ಅಂದರೆ ಸಿಡುಬು ಆಗಿದ್ದು, ಆ ಅಕ್ಕನಿಗೇ. ಇಡೀ ತರಗತಿ ಗಪ್‌ಚುಪ್. ಮಕ್ಕಳು ತಮ್ಮ ತೋಳು ನೋಡಿಕೊಂಡರು. ಅವರಿಗಿರುವುದು ಕ್ಷಯಕ್ಕೆ ಹಾಕಿದ ಬಿಸಿಜಿ ಗುರುತು, ಅದೇ ಬೇರೆ. 1980ರಲ್ಲಿ ಸಿಡುಬು ಪ್ರಪಂಚದಿಂದಲೇ ಹೋಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಸಾರಿತು, ಹಾಗಾಗಿ ಅಜ್ಜಿಯ ಕೈಯ ಕಲೆ ಮೊಮ್ಮಕ್ಕಳಿಗೆ ಇಲ್ಲ.

ಇನ್ನು ಮಂಗನ ಕಾಯಿಲೆ. 1957ರಲ್ಲಿ ನಮ್ಮದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಊರಿನವರು ಜ್ವರದಲ್ಲಿ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಜೊತೆಯವರಿಗೆ ಮೊದಲು ಇದು ಆಫ್ರಿಕಾದ ಹಳದಿ ಜ್ವರ ಇರಬಹುದಾ ಅನ್ನುವ ಅನುಮಾನ. ಹುಡುಕಿದರೆ ಅದುವರೆಗೆ ಯಾರೂ ಕಾಣದ ವೈರಸ್, ಹರಡುವುದು ಉಣುಗಿನಿಂದ. ಕಾಯಿಲೆಗೆ ಆ ಕಾಡಿನ ಹೆಸರೇ ಬಂತು. ಆ ವರ್ಷಗಳನ್ನು ಕಣ್ಣಾರೆ ಕಂಡವರು ನಮ್ಮ ಕಡೆ ಇನ್ನೂ ಇದ್ದಾರೆ. ಅವರ ಮಾತು ಈಗ ಕೇಳದಿದ್ದರೆ ಇನ್ಯಾವಾಗ ಕೇಳುವುದು?

ಹಾಗಾಗಿ ಮಕ್ಕಳು ಕೇಳಿದರೆ ಸುಮ್ನಿರು ಅಂತ ಗದರಬೇಡಿ. ಹೇಳಲು ಮನಸ್ಸಿಲ್ಲದ ಹಿರಿಯರಿಗೆ ಒತ್ತಾಯವೂ ಬೇಡ.

ಈಗ ಕಾಡಿನಲ್ಲಿ ದರಗು (ಒಣಗಿದ ಎಲೆ) ಗುಡಿಸುವ ಕಾಲ ಬೇರೆ. ಬೆಟ್ಟಕ್ಕೆ ಹೋಗಿ ಬಂದ ಮಕ್ಕಳ ಮೈಯಲ್ಲಿ ಉಣುಗು ಇದೆಯಾ ನೋಡಿ, ಬಟ್ಟೆ ಬಿಸಿನೀರಲ್ಲಿ ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸಿ.

ಬರುವ ಶನಿವಾರ ಬೆಳಿಗ್ಗೆ 10 ಗಂಟೆಗೆ ಅಜ್ಜ ಅಜ್ಜಿಯರು ಶಾಲೆಗೆ ಬಂದು ಮಾತಾಡಿದರೆ ನಮಗೆ ತುಂಬಾ ಖುಷಿ. ಮಂಡಿ ನೋವಿರುವವರನ್ನು ಗಾಡಿಯಲ್ಲಿ ಗೇಟಿನ ಒಳಗೇ ಕರೆತನ್ನಿ, ಮೆಟ್ಟಿಲು ಹತ್ತುವುದು ಬೇಡ, ಕೆಳಗಿನ ಜಗಲಿಯಲ್ಲೇ ಕುರ್ಚಿ ಹಾಕಿಸಿರುತ್ತೇವೆ.

ಇಂತಿ,
ಮುಖ್ಯ ಶಿಕ್ಷಕಿ